ಮೂವತ್ತೇಳು ಮರಗಳ ಪಥ್ಯ

"ಚಂತಬುರಿಯ ಅಷ್ಟೂ ದುರಿಯನ್ ಹಣ್ಣು ನನ್ನ ಮನೆ ಮುಂದೆ ಸಾಲಾಗಿ ನಿಂತು ಕೈಮುಗಿದ್ರೂ ಅಷ್ಟೇ. ಹನ್ನೆರಡು ವಾರ ಒಂದು ತೊಳೆ ಮುಟ್ಟಲ್ಲ. ಹಣ್ಣು ಅನ್ನೋದು ಇನ್ಮೇಲೆ ನನ್ನ ಪಾಲಿಗೆ ಕಲ್ಲು."

ಮಾರ್ಚ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಕಾಲುವೆ ಪಕ್ಕದ ಕಾಫಿ ಅಂಗಡಿಯಲ್ಲಿ ಸಮ್ರಾನ್ ಹೀಗೆಂದು ಸಾರಿದಾಗ ಅಲ್ಲಿದ್ದ ಏಳು ಮಂದಿಯಲ್ಲಿ ಆರು ಮಂದಿ ನಕ್ಕರು. ಏಳನೆಯವನಿಗೆ ಕಿವಿ ಮಂದ. ಪಕ್ಕದವರು ಕೂಗಿ ತಿಳಿಸಿದ ಮೇಲೆ ಅವನೂ ನಕ್ಕ, ತಡವಾಗಿ ಶುರು ಮಾಡಿದ್ದಕ್ಕೋ ಏನೋ ಎಲ್ಲರಿಗಿಂತ ಜಾಸ್ತಿ ಹೊತ್ತು ನಕ್ಕ.

ನಗದೆ ಏನು ಮಾಡುತ್ತಾರೆ? ನಮ್ಮ ಚಂತಬುರಿ ಜಿಲ್ಲೆಯ ಮಣ್ಣು ಎಂಥದ್ದೆಂದರೆ, ಮುದುಕರು ಊರುಗೋಲನ್ನು ಅಂಗಳದಲ್ಲಿ ಊರಿ ಒಂದು ಜೊಂಪು ನಿದ್ದೆ ತೆಗೆದು ಎದ್ದರೆ ಕೋಲಿನ ತುದಿಯಲ್ಲಿ ರಂಬುಟಾನ್ ಬಿಟ್ಟಿರುತ್ತದೆ. ಅಂಥ ಊರಿನಲ್ಲಿ, ಅದೂ ಹಣ್ಣಿನ ಕಾಲ ಕಣ್ಣು ಬಿಡುತ್ತಿರುವ ಹೊತ್ತಿನಲ್ಲಿ, ಹಣ್ಣು ಬಿಟ್ಟೆ ಎನ್ನುವವನು ಮೀನಾಗಿ ಹುಟ್ಟಿ ನೀರು ಬಿಟ್ಟೆ ಎಂದ ಹಾಗೆ. ಸಾಲದ್ದಕ್ಕೆ ಸಮ್ರಾನನ ಹೆಂಡತಿ ಹೆದ್ದಾರಿ ಪಕ್ಕದಲ್ಲಿ ಹಣ್ಣಿನಂಗಡಿ ಇಟ್ಟವಳು. ಅವಳ ಹೆಸರು ಲಮ್ಯಾಯ್. ಅದೂ ಒಂದು ಹಣ್ಣಿನ ಹೆಸರೇ.

ಸಮ್ರಾನನಿಗೆ ಐವತ್ಮೂರು ವರ್ಷ. ಕಸುಬು ದುರಿಯನ್ ಹಿಡಿಯುವುದು. ಸಕ್ ಎಂಬವನು ಮರ ಹತ್ತುತ್ತಾನೆ, ಕತ್ತಿಯ ಹಿಡಿಯಿಂದ ಕಾಯನ್ನು ತಟ್ಟಿ ಸದ್ದು ಕೇಳುತ್ತಾನೆ, ಬಲಿತಿದೆ ಅನ್ನಿಸಿದರೆ ತೊಟ್ಟು ಕತ್ತರಿಸಿ ಬಿಡುತ್ತಾನೆ. ಕೆಳಗೆ ಸಮ್ರಾನ್ ಎರಡು ಕೈಯಲ್ಲಿ ಗೋಣಿಚೀಲ ಬಿಗಿದು ನಿಂತಿರುತ್ತಾನೆ. ನಾಲ್ಕು ಕೆಜಿ ತೂಕದ ಮುಳ್ಳಿನ ಗುಂಡು ನಾಲ್ಕು ಆಳೆತ್ತರದಿಂದ ಬರುವಾಗ ಅದನ್ನು ಗೋಣಿಯ ಮಡಿಲಿಗೆ ತೆಗೆದುಕೊಂಡು, ಸೊಂಟ ತಿರುಗಿಸಿ, ಅದರ ವೇಗವನ್ನೆಲ್ಲ ಒಂದು ಸುತ್ತಿನಲ್ಲಿ ಕರಗಿಸಿ, ಮಗುವನ್ನು ತೊಟ್ಟಿಲಿಗೆ ಇಟ್ಟ ಹಾಗೆ ನೆಲಕ್ಕಿಡಬೇಕು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಒಮ್ಮೆ ಕಾಯಿಯ ಜೊತೆ ಒಂದು ಅಳಿಲೂ ಬಂತಂತೆ. ಅದನ್ನೂ ಅದೇ ಸುತ್ತಿನಲ್ಲಿ ಹಿಡಿದು ಇಳಿಸಿದ. ಅಳಿಲಿಗೆ ನಿದ್ದೆಯೂ ಕೆಡಲಿಲ್ಲ ಎಂದು ಸಕ್ ಇವತ್ತಿಗೂ ಆಣೆ ಇಟ್ಟು ಹೇಳುತ್ತಾನೆ.

ಹೀಗೆ ಹಿಡಿದೂ ಹಿಡಿದೂ ಅವನ ತೋಳುಗಳು ಹಗ್ಗ ಹೊಸೆದಿಟ್ಟ ಹಾಗೆ ಆಗಿದ್ದವು. ಆದರೆ ನೋಡುವವರು ಯಾರು? ತೋಟಕ್ಕೆ ಬಂದವರೆಲ್ಲ ಕತ್ತೆತ್ತಿ ಸಕ್‌ನನ್ನು ನೋಡುತ್ತಾರೆ, ಫೋಟೊ ತೆಗೆಯುವವರೂ ಅವನದನ್ನೇ ತೆಗೆಯುತ್ತಾರೆ. ಹಿಡಿಯುವವನತ್ತ ಜನ ತಿರುಗುವುದು ಅವನು ಹಿಡಿಯದೆ ಬಿಟ್ಟಾಗ ಮಾತ್ರ. ಸಮ್ರಾನ್ ಬಿಟ್ಟವನಲ್ಲ. ಹಾಗಾಗಿ ಮೂವತ್ತೊಂದು ವರ್ಷ ಅವನನ್ನು ಯಾರೂ ನೋಡಿರಲಿಲ್ಲ.

ಮೊದಲು ನೋಡಿದವರು ದೇಚಾ ಮೇಷ್ಟ್ರು. ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾಗಿ, ಐಸ್ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಗರಡಿ ನಡೆಸುತ್ತಿದ್ದರು. ಡಬ್ಬಕ್ಕೆ ಸಿಮೆಂಟು ತುಂಬಿ ಮಾಡಿದ ಭಾರ, ರೈಲು ಹಳಿಯ ತುಂಡು, ಒಂದು ಬಿರುಕುಬಿಟ್ಟ ಕನ್ನಡಿ. ಒಂದು ದಿನ ಐಸ್ ಕೊಳ್ಳಲು ಬಂದ ಸಮ್ರಾನ್ ತೋಳು ಮಡಚಿ ಗಡ್ಡೆ ಎತ್ತಿದ್ದನ್ನು ಕಂಡು ಮೇಷ್ಟ್ರ ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು. ಮೇ ಕೊನೆಯಲ್ಲಿ ಹಣ್ಣಿನ ಹಬ್ಬ, ಅಲ್ಲಿ ಐವತ್ತು ದಾಟಿದವರಿಗೆ ದೇಹದಾರ್ಢ್ಯ ಸ್ಪರ್ಧೆ, ನೀನು ವೇದಿಕೆ ಹತ್ತಿದರೆ ಸಾಕು, ಜನ ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆ ಎಂದರು. ಆ ಕೊನೆಯ ಮಾತು ಸಮ್ರಾನನ ಎದೆಗೆ ನೇರ ಇಳಿಯಿತು. ಒಂದು ಸಲ, ಒಂದೇ ಒಂದು ಸಲ, ತಾನು ಮೇಲೆ ನಿಂತು ಬೇರೆಯವರು ಕತ್ತೆತ್ತಿ ನೋಡಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಪಥ್ಯ ಶುರುವಾಯಿತು. ಬೇಯಿಸಿದ ಕೋಳಿಯ ಎದೆ, ಮೊಟ್ಟೆಯ ಬಿಳಿ, ಬೇಯಿಸಿದ ಸೊಪ್ಪು. ಮೀನಿನ ರಸ ಇಲ್ಲ, ಮೆಣಸಿನ ಚಟ್ನಿ ಇಲ್ಲ. ಹಣ್ಣಂತೂ ಕನಸಿನಲ್ಲೂ ಕೂಡದು. ಹಣ್ಣಿನ ಸಕ್ಕರೆ ಹೊಟ್ಟೆಯ ಸುತ್ತ ಡೇರೆ ಹಾಕಿಕೊಂಡು ಕೂತುಬಿಡುತ್ತದೆ ಎಂಬುದು ಮೇಷ್ಟ್ರ ಸಿದ್ಧಾಂತ. ಎಂಟು ವಾರದಲ್ಲಿ ಸಮ್ರಾನ್ ಎಷ್ಟು ಕೋಳಿ ತಿಂದನೆಂದರೆ, ಅವನು ಬೀದಿಗೆ ಬಂದರೆ ಊರ ಕೋಳಿಗಳು ವಿಹಾರದ ಅಂಗಳಕ್ಕೆ ಓಡಿ ಭಿಕ್ಷುಗಳ ಹಿಂದೆ ನಿಲ್ಲುತ್ತಿದ್ದವು. ಮೈ ಮಾತ್ರ ಒಣಗಿ ಒಣಗಿ, ಬೆನ್ನಿನ ಒಂದೊಂದು ಸ್ನಾಯುವೂ ಹೆಸರು ಕರೆದರೆ ಓ ಅನ್ನುವಷ್ಟು ಬೇರೆಬೇರೆಯಾಗಿ ಎದ್ದು ಬಂತು.

ಮೇಷ್ಟ್ರಿಗೆ ಒಂದೇ ತೊಂದರೆ. ದಿನಾ ಬೆಳಿಗ್ಗೆ ಶಿಷ್ಯನ ಬಾಯಿ ಮೂಸಿ ನೋಡುವುದು ಅವರ ಪದ್ಧತಿ. ಆದರೆ ಸಮ್ರಾನನ ಕೂದಲು, ಉಗುರು, ಬನಿಯನ್, ಬೈಕಿನ ಸೀಟು ಎಲ್ಲವೂ ದುರಿಯನ್ ವಾಸನೆಯೇ. ಕೊನೆಗೆ ಮೂಗನ್ನು ನಂಬುವುದು ಬಿಟ್ಟು, ಐಸ್ ಗಡ್ಡೆ ತೂಗುವ ತಕ್ಕಡಿಯ ಮೇಲೆ ಅವನನ್ನು ನಿಲ್ಲಿಸತೊಡಗಿದರು. ತಕ್ಕಡಿಯ ಮುಳ್ಳು ದಿನದಿನಕ್ಕೆ ಇಳಿಯಿತು. ಸಮ್ರಾನ್ ಆಡಿದ ಮಾತಿಗೆ ತಪ್ಪಿರಲಿಲ್ಲ.

ಗೋಜಲಾದದ್ದು ಅಲ್ಲೇ. ಸಮ್ರಾನನಿಗೆ ಹಿಡಿಯುವುದರ ಜೊತೆಗೆ ಇನ್ನೊಂದು ಕೆಲಸವಿತ್ತು. ಅದು ಪಿನ್ ಅಜ್ಜಿಯ ತೋಟದಲ್ಲಿ ಮಾತ್ರ.

ಪಿನ್ ಅಜ್ಜಿಗೆ ಎಂಬತ್ನಾಲ್ಕು. ಹೊಳೆಯ ಪಕ್ಕದಲ್ಲಿ ಅವಳ ಗಂಡ ನೆಟ್ಟ ಮೂವತ್ತೇಳು ಹಳೆಯ ಮರಗಳಿವೆ, ಮೇಲಿನ ದಿಬ್ಬದಲ್ಲಿ ಹನ್ನೆರಡು ಎಳೆಯವು. ಅವಳ ತೋಟದಲ್ಲಿ ಬರೀ ಸದ್ದು ಕೇಳಿ ಕೊಯ್ಯುವಂತಿಲ್ಲ. ಪ್ರತಿ ಮರದಿಂದ ಒಂದು ಕಾಯಿ ಇಳಿಸಿ, ಸೀಳಿ, ಹಸಿ ತೊಳೆಯ ಒಂದು ಚೂರನ್ನು ಅಗಿದು ನೋಡಬೇಕು. ಬಲಿತಿದ್ದರೆ ಹಸಿಯ ಹಿಂದೆ ಒಂದು ಸಿಹಿ ಇಣುಕುತ್ತದೆ. ಅಲ್ಲಿಂದ ಮುಂದೆ ಮರ ಕೊಯ್ಯಬಹುದು. ಅರವತ್ತು ವರ್ಷ ಅಜ್ಜಿಯೇ ಅಗಿದು ಹೇಳುತ್ತಿದ್ದಳು. ಮೂರು ವರ್ಷದ ಹಿಂದೆ ಜ್ವರ ಬಂದು ನಾಲಿಗೆ ರುಚಿ ಕಳೆದುಕೊಂಡ ಮೇಲೆ, ಊರಿನ ಎಲ್ಲರಿಗೂ ಒಂದೊಂದು ಚೂರು ತಿನ್ನಿಸಿ ಪರೀಕ್ಷೆ ಮಾಡಿ, ಸಮ್ರಾನನ ಬಾಯನ್ನು ಆರಿಸಿದ್ದಳು.

ಈ ವರ್ಷ ಸಮ್ರಾನ್ ಆಗುವುದಿಲ್ಲವೆಂದ. ಸಕ್‌ಗೆ ಒಳಗೊಳಗೇ ಖುಷಿ. ಕತ್ತಿಯ ಸದ್ದಿದ್ದರೆ ಸಾಕು, ಬಾಯಿ ಯಾಕೆ ಎಂದುಕೊಂಡು ಹತ್ತನೆಯ ವಾರದ ಕೊನೆಯಲ್ಲಿ ದಿಬ್ಬದ ಹನ್ನೆರಡು ಮರ ಕೊಯ್ದು ಲಾರಿ ತುಂಬಿಸಿದ. ಲಾರಿ ಪ್ಯಾಕಿಂಗ್ ಶೆಡ್ಡಿಗೆ ಹೋಯಿತು. ಅಲ್ಲಿ ತೊಳೆ ಒಣಗಿಸಿ, ನೀರೆಷ್ಟು ತಿರುಳೆಷ್ಟು ಎಂದು ತೂಗಿ ನೋಡಿದರು. ಎಳಸು. ಲಾರಿ ಹೋದ ದಾರಿಯಲ್ಲೇ, ಹೋದಷ್ಟೇ ಭಾರದಲ್ಲಿ, ಊರಿನ ನಡುವೆ ಹಾದು ವಾಪಸು ಬಂತು.

ನಮ್ಮಲ್ಲಿ ಒಬ್ಬ ಮನುಷ್ಯ ಎರಡು ಮದುವೆಯಾಗಿದ್ದಾನೆ ಎಂದರೆ ಜನ ಮರೆತಾರು. ಎಳಸು ದುರಿಯನ್ ಕೊಯ್ಸಿದ ಎಂದರೆ ಮೊಮ್ಮಕ್ಕಳ ಮದುವೆಯಲ್ಲೂ ಅದೇ ಮಾತು. ಪಿನ್ ಅಜ್ಜಿ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಕೊಡೆ ಹಿಡಿದುಕೊಂಡು ನೇರ ಐಸ್ ಕಾರ್ಖಾನೆಯ ಹಿಂದಕ್ಕೆ ಬಂದಳು. ಭಾರ ಎತ್ತಲು ಮಲಗುವ ಬೆಂಚನ್ನು ಸೆರಗಿನಷ್ಟಗಲದ ಕೈವಸ್ತ್ರದಿಂದ ಒರೆಸಿ ಅದರ ಮೇಲೆ ಕೂತಳು. ಸಮ್ರಾನ್ ಎತ್ತಿದ್ದ ಡಬ್ಬವನ್ನು ಇಳಿಸುವುದೋ ಹಿಡಿದೇ ಇರುವುದೋ ತಿಳಿಯದೆ ಹಾಗೇ ನಿಂತ.

"ಮೇಷ್ಟ್ರೇ, ಇವನನ್ನ ಒಂದು ದಿನ ನನಗೆ ಬಿಟ್ಕೊಡಿ" ಎಂದಳು ಅಜ್ಜಿ.

"ಕೈಕಾಲು ಬೇಕಾದ್ರೆ ಕರ್ಕೊಂಡು ಹೋಗಿ ಅಜ್ಜಿ. ಬಾಯಿ ಮಾತ್ರ ಕೊಡಲ್ಲ."

"ಕೈಕಾಲು ನೀವೇ ಇಟ್ಕೊಳ್ಳಿ, ಎಣ್ಣೆ ಹಚ್ಚಿ ಮೆರವಣಿಗೆ ಮಾಡಿ. ನನಗೆ ಬೇಕಾಗಿರೋದು ಗಂಟಲಷ್ಟೇ."

ಮೇಷ್ಟ್ರು ಸ್ಪರ್ಧೆಗೆ ಇನ್ನು ಹನ್ನೊಂದೇ ದಿನ ಉಳಿದಿದೆ ಎಂದು ವಿವರಿಸಿದರು. ಹಣ್ಣಿನ ಸಕ್ಕರೆ, ಹೊಟ್ಟೆಯ ಸುತ್ತ ಡೇರೆ, ಎಲ್ಲವನ್ನೂ ಹೇಳಿದರು. ಅಜ್ಜಿ ಶ್ರದ್ಧೆಯಿಂದ ಕೇಳಿ, ನೀವು ಹೇಳಿದ್ದೆಲ್ಲ ಸರಿ, ಅದಕ್ಕೇ ಇರಬೇಕು ನಾನು ಮೂಳೆ ಚಕ್ಕಳವಾಗಿ ಎಂಬತ್ನಾಲ್ಕಕ್ಕೆ ಬಂದದ್ದು ಎಂದಳು. ಆಮೇಲೆ ಸಮ್ರಾನನತ್ತ ತಿರುಗಿದಳು. ಬೈಯಲಿಲ್ಲ, ಬೇಡಲೂ ಇಲ್ಲ.

"ನೀನು ಬರದಿದ್ರೆ ಬೇಜಾರಿಲ್ಲ ಮಗ. ಹೊಳೆ ಪಕ್ಕದ ಮರ ಈ ವರ್ಷ ಕೊಯ್ಸಲ್ಲ. ತಾವಾಗೇ ಬೀಳ್ಲಿ, ಅಳಿಲು ತಿಂದ್ಕೊಳ್ಳಿ. ಇನ್ನೊಂದು ಲಾರಿ ವಾಪಸು ಬರೋದನ್ನ ನೋಡಕ್ಕೆ ನನಗೆ ಶಕ್ತಿ ಇಲ್ಲ."

ಸಮ್ರಾನ್ ಡಬ್ಬ ಇಳಿಸಿದ. ಕನ್ನಡಿಯಲ್ಲಿ ತನ್ನ ಹೊಟ್ಟೆ ನೋಡಿಕೊಂಡ. ಎಪ್ಪತ್ಮೂರು ದಿನದ ಕೋಳಿ ಅಲ್ಲಿ ಆರು ತುಂಡಾಗಿ ಸಾಲುಗಟ್ಟಿ ನಿಂತಿತ್ತು. ನಾಳೆ ಬೆಳಿಗ್ಗೆ ಬರ್ತೀನಿ ಅಜ್ಜಿ ಎಂದ.

ಮೇಷ್ಟ್ರು ಒಂದು ಷರತ್ತು ಹಾಕಿದರು: ಅಗಿಯಬಹುದು, ನುಂಗಬಾರದು, ಉಗಿಯಬೇಕು. ಷರತ್ತು ಕಾಯಲು ತಾವೇ ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದು ತೋಟಕ್ಕೆ ಬಂದರು. ನಲವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದ ಮನುಷ್ಯ ಉಗುಳಿನ ಬಕೆಟ್ ಹೊತ್ತು ಮರದ ಕೆಳಗೆ ನಿಂತದ್ದನ್ನು ನೋಡಲೆಂದೇ ಪಕ್ಕದ ತೋಟದ ಇಬ್ಬರು ಬೇಲಿ ದಾಟಿ ಬಂದರು. ಸಕ್, ಅಜ್ಜಿ, ಲಾರಿ ಡ್ರೈವರು, ಪ್ಯಾಕಿಂಗ್ ಶೆಡ್ಡಿನ ಮನುಷ್ಯ, ಕಾಯಿ ಹೊರುವ ಐದು ಜನ ಆಳುಗಳು, ಈ ಇಬ್ಬರು: ಮೇಷ್ಟ್ರನ್ನು ಸೇರಿಸಿದರೆ ಹನ್ನೆರಡು ಜನ.

ಮೊದಲನೆಯ ಮರ. ಸಕ್ ಒಂದು ಕಾಯಿ ಬಿಟ್ಟ, ಸಮ್ರಾನ್ ಹಿಡಿದ, ಅಜ್ಜಿ ಸೀಳಿದಳು. ಹೆಬ್ಬೆರಳಿನಷ್ಟು ಚೂರು. ಸಮ್ರಾನ್ ಅಗಿದ. ಎರಡು ತಿಂಗಳಿಂದ ಕೋಳಿ ಬಿಟ್ಟು ಏನನ್ನೂ ಕಾಣದ ಹಲ್ಲುಗಳು ಬೆಚ್ಚಿಬಿದ್ದವು. ಮೇಷ್ಟ್ರು ಬಕೆಟ್ ಮುಂದೆ ಹಿಡಿದರು. ಉಗಿದ.

"ಏನಂತೆ?" ಎಂದಳು ಅಜ್ಜಿ.

"ಗೊತ್ತಾಗ್ಲಿಲ್ಲ."

ಇನ್ನೊಂದು ಚೂರು. ಅಗಿದ, ಉಗಿದ. ನಾಲಿಗೆ ಬಲಿತಿದೆ ಅನ್ನುತ್ತಿದೆ, ಆದರೆ ಎಳಸು ಕಾಯಿ ಇದ್ದರೆ ಒಗರು ಹಿಡಿಯುವುದು ಗಂಟಲಲ್ಲಿ, ಗಂಟಲನ್ನು ಕೇಳದೆ ತಾನು ಹೇಳಲಾರೆ ಎಂದ. ಮೇಷ್ಟ್ರು ಇದು ಹಣ್ಣು ತಿನ್ನುವ ಹುನ್ನಾರ ಎಂದರು. ಇರಬಹುದು ಎಂದು ಸಮ್ರಾನನಿಗೂ ಒಂದು ಕ್ಷಣ ಅನುಮಾನ ಬಂತು. ಆದರೆ ಅಜ್ಜಿ, ತನಗೂ ಅರವತ್ತು ವರ್ಷ ಗಂಟಲೇ ಹೇಳುತ್ತಿತ್ತು ಎಂದಳು. ಲಾರಿ ಡ್ರೈವರು, ಇನ್ನೊಂದು ಸಲ ಆ ಬೀದಿಯಲ್ಲಿ ವಾಪಸು ಬರುವುದಾದರೆ ಲಾರಿ ಇಲ್ಲೇ ಬಿಟ್ಟು ನಡೆದುಕೊಂಡು ಹೋಗುತ್ತೇನೆ ಎಂದ.

ಸಮ್ರಾನ್ ಮೂರನೆಯ ಚೂರು ತೆಗೆದುಕೊಂಡ. ನಿಧಾನವಾಗಿ ಅಗಿದು, ಬಕೆಟ್ಟನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ನುಂಗಿದ.

ಹನ್ನೆರಡು ಜೋಡಿ ಕಣ್ಣು ಅವನ ಗಂಟಲಿನ ಮೇಲಿಂದ ಎದೆಯವರೆಗೆ ಆ ಚೂರಿನ ಜೊತೆಗೇ ಇಳಿದವು. ಹಕ್ಕಿಗಳೂ ಸುಮ್ಮನಾದವು, ಹೊಳೆ ಕೂಡ ಒಂದು ಗಳಿಗೆ ನಿಂತು ಕೇಳಿಸಿಕೊಂಡಿತು ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಇರಲಿ.

"ಕೊಯ್ಯಿ" ಎಂದ ಸಮ್ರಾನ್.

ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು. ಸಕ್ ಸರಸರನೆ ಮೇಲೇರಿದ.

ಆಮೇಲೆ ಎರಡನೆಯ ಮರ, ಮೂರನೆಯದು, ಏಳನೆಯದು. ಪ್ರತಿ ಸಲವೂ ಜನ ಕೆಲಸ ಬಿಟ್ಟು ಸುತ್ತ ಬಂದು ನಿಲ್ಲುವುದು, ಅವನು ನುಂಗುವುದು, ಮಾತು ಬರುವವರೆಗೆ ಯಾರೂ ಕದಲದಿರುವುದು. ಹದಿನೈದನೆಯ ಮರದ ಹೊತ್ತಿಗೆ ಮೇಷ್ಟ್ರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು.

ಹದಿನೇಳನೆಯ ಮರದಲ್ಲಿ ಸಮ್ರಾನ್ ನುಂಗಿ, ಕಣ್ಣು ಕಿರಿದು ಮಾಡಿ, ತಲೆಯಾಡಿಸಿದ. ಇದು ಬೇಡ, ಹತ್ತು ದಿನ ಬಿಡಿ ಎಂದ. ಮೇಲಿದ್ದ ಸಕ್‌ಗೆ ಸಿಟ್ಟು ಬಂತು.

"ಅಣ್ಣ, ಡೋಲು ಬಡಿದ ಹಾಗೆ ಟೊಳ್ಳು ಸದ್ದು ಬರ್ತಿದೆ. ಇದಕ್ಕಿಂತ ಬಲಿಯೋದು ಇನ್ನೇನು?"

"ನಿನ್ನ ತಲೆ ಬಡಿದ್ರೂ ಹಾಗೇ ಬರತ್ತೆ. ನಿನ್ನ ಬಲಿತಿದೀಯ ಅಂತ ಲಾರಿಗೆ ಹಾಕಕ್ಕಾಗತ್ತಾ?"

ಪ್ಯಾಕಿಂಗ್ ಶೆಡ್ಡಿನ ಮನುಷ್ಯ ಅದೇ ಕಾಯಿಯ ಅರ್ಧವನ್ನು ಬೈಕಿನಲ್ಲಿ ಕಳಿಸಿ ಒಣಗಿಸಿ ನೋಡಲು ಹೇಳಿದ. ಒಂದು ಗಂಟೆಯ ಮೇಲೆ ಫೋನ್ ಬಂತು. ಎಳಸು. ಸಕ್ ಮರದಿಂದ ಇಳಿದು ಸಮ್ರಾನನ ಎದುರು ಕೈಮುಗಿದು ತಲೆ ಬಾಗಿಸಿ, ಮುಂದಿನ ಮರ ಹತ್ತಿದ. ಆಮೇಲೆ ಅವನು ತಟ್ಟಲೂ ಇಲ್ಲ. ಒಂದು ಕಾಯಿ ಬಿಡುವುದು, ಕೆಳಗಿನ ಗಂಟಲನ್ನು ನೋಡುತ್ತ ಕೊಂಬೆಯ ಮೇಲೆ ಕೂತಿರುವುದು.

ಸಂಜೆ ನಾಲ್ಕಕ್ಕೆ ಮೂವತ್ತೇಳೂ ಮುಗಿದವು. ನಾಲ್ಕು ಮರ ಬೇಡ, ಉಳಿದದ್ದೆಲ್ಲ ಕೊಯ್ಯಬಹುದು. ಮೇಷ್ಟ್ರು ಲೆಕ್ಕ ಹಾಕಿದರು: ಹೆಬ್ಬೆರಳಷ್ಟು ಚೂರು, ಮೂವತ್ತೇಳು, ಹಸಿ. ನಾಳೆ ನಾಡಿದ್ದು ಎರಡು ಗಂಟೆ ಜಾಸ್ತಿ ಓಡಿಸಿದರೆ ತೊಂದರೆಯಿಲ್ಲ. ಅವರ ಮುಖದಲ್ಲಿ ಸ್ವಲ್ಪ ಕಳೆ ಬಂತು.

ಆಗ ಪಿನ್ ಅಜ್ಜಿ ಹುಲ್ಲಿನ ಮಧ್ಯದಿಂದ ಒಂದು ಹಣ್ಣು ಎತ್ತಿಕೊಂಡು ಬಂದಳು. ಮಾಗಿ ತಾನಾಗಿ ಬಿದ್ದದ್ದು. ಅವಳ ತೋಟದಲ್ಲಿ ಒಂದು ನಡಾವಳಿ ಇದೆ. ಇಡೀ ದಿನ ಹಸಿ ಅಗಿದ ಬಾಯಿಗೆ ಕೊನೆಯಲ್ಲಿ ಮಾಗಿದ್ದು ಹೋಗಲೇಬೇಕು, ಇಲ್ಲದಿದ್ದರೆ ಮರ ಬೇಜಾರು ಮಾಡಿಕೊಳ್ಳುತ್ತದೆ. ಅಜ್ಜಿ ಸಿಪ್ಪೆಯ ಸೀಳಿಗೆ ಬೆರಳು ತೂರಿಸಿ ತೆರೆದಳು. ಒಳಗೆ ತೊಳೆಗಳು ಹಾಸಿಗೆಯಲ್ಲಿ ಮಲಗಿದ ಕೂಸುಗಳ ಹಾಗೆ, ಬೆಣ್ಣೆಯ ಬಣ್ಣ, ಮುಟ್ಟಿದರೆ ಬೆರಳಚ್ಚು ಉಳಿಯುವಷ್ಟು ಮೆತ್ತಗೆ. ವಾಸನೆಗೆ ಲಾರಿಯ ಎಂಜಿನ್ ಒಂದು ಸಲ ತಾನಾಗೇ ಗುರ್ ಅಂದಿತು.

ದೇಚಾ ಮೇಷ್ಟ್ರು ಎದ್ದು, ಹೊಳೆಯ ಕಡೆ ಮುಖ ಮಾಡಿ ನಿಂತುಕೊಂಡರು. ಅವರು ಒಳ್ಳೆಯ ಮನುಷ್ಯ.

ಒಂದು ತೊಳೆ ನಡಾವಳಿಗೆ. ಎರಡನೆಯದು ಅಜ್ಜಿ ಕೈಯಾರೆ ಕೊಟ್ಟದ್ದು, ಬೇಡ ಅನ್ನಲಾದೀತೇ. ಮೂರನೆಯದನ್ನು ಯಾಕೆ ತಿಂದನೋ ಸಮ್ರಾನನಿಗೆ ನೆನಪಿಲ್ಲ. ನಾಲ್ಕನೆಯದರ ಹೊತ್ತಿಗೆ ಕಾರಣ ಹುಡುಕುವುದನ್ನು ಬಿಟ್ಟಿದ್ದ. ಮೇಷ್ಟ್ರು ತಿರುಗಿದಾಗ ಸಿಪ್ಪೆಯಲ್ಲಿ ಬೀಜಗಳು ಮಾತ್ರ ಇದ್ದವು, ಎಲ್ಲವೂ ತೊಳೆದಿಟ್ಟಷ್ಟು ಚೊಕ್ಕಟವಾಗಿ.

ವಿಷಯ ಅಲ್ಲಿಗೆ ಮುಗಿದಿದ್ದರೂ ಬದುಕಿಕೊಳ್ಳುತ್ತಿದ್ದ. ಮನೆಗೆ ಬಂದರೆ ಲಮ್ಯಾಯ್ ಬಾಗಿಲಲ್ಲೇ ಅವನನ್ನು ನೋಡಿ, ಕೆನ್ನೆ ಮುಟ್ಟಿ, ಒಳಗೆ ಹೋಗಿ ಒಂದು ಬುಟ್ಟಿ ಮ್ಯಾಂಗೋಸ್ಟೀನ್ ತಂದಳು. ದುರಿಯನ್ ಉಷ್ಣ, ಮ್ಯಾಂಗೋಸ್ಟೀನ್ ತಂಪು. ಅದನ್ನು ತಿಂದ ಮೇಲೆ ಇದನ್ನು ತಿನ್ನದೆ ಬಿಡುವ ಮನೆ ನಮ್ಮ ಜಿಲ್ಲೆಯಲ್ಲಿಲ್ಲ.

"ಬೇಡ ಕಣೇ. ಹಣ್ಣು ತಿನ್ನೋ ಹಾಗಿಲ್ಲ" ಎಂದ ಸಮ್ರಾನ್, ಮೀಸೆಯಲ್ಲಿ ದುರಿಯನ್ ಅಂಟಿಸಿಕೊಂಡೇ.

"ಇದು ಹಣ್ಣಲ್ಲ, ಮದ್ದು. ಬೆಂಕಿ ನುಂಗ್ಕೊಂಡು ಬಂದಿದೀಯ, ಆರಿಸ್ದೆ ಬಿಟ್ರೆ ನಾಳೆ ನಿನ್ನ ಸುಟ್ಟ ಮೈಗೆ ಆ ಮೇಷ್ಟ್ರು ಎಣ್ಣೆ ಹಚ್ತಾರಾ?"

ಒಂದು ಕೆಜಿ ಮದ್ದು ಇಳಿಯಿತು. ಉಷ್ಣ ಇನ್ನೂ ಉಳಿದಿರಬಹುದು ಎಂಬ ಅನುಮಾನಕ್ಕೆ ಇನ್ನರ್ಧ ಕೆಜಿ. ಎರಡು ತಿಂಗಳ ಮೇಲೆ ಗಂಡನ ಮುಖ ತುಂಬಿದ್ದನ್ನು ಕಂಡು ಲಮ್ಯಾಯ್ ಅವತ್ತು ಎದುರಿಗೇ ಕೂತು ಸುಲಿದು ಸುಲಿದು ಕೊಟ್ಟಳು.

ಬೆಳಿಗ್ಗೆ ಐಸ್ ತಕ್ಕಡಿ ಎರಡು ಕೆಜಿ ಮೇಲಕ್ಕೆ ಹಾರಿತು. ಮೇಷ್ಟ್ರು ಕಾರ್ಖಾನೆಗೆ ಮೂರು ಸುತ್ತು ಹಾಕಿ ಬಂದು, ದುರಿಯನ್ ಒಪ್ಪಿಕೊಂಡೆ, ಬೆನ್ನಿನ ಹಿಂದೆ ಆದದ್ದು, ಉಳಿದದ್ದು ಏನು ಎಂದು ಕೇಳಿದರು. ಅದು ದುರಿಯನ್ನಿಗೆ ಮದ್ದು ಎಂದ ಸಮ್ರಾನ್. ಮೇಷ್ಟ್ರೂ ಚಂತಬುರಿಯಲ್ಲೇ ಹುಟ್ಟಿದವರು. ಎಷ್ಟು ಯೋಚಿಸಿದರೂ ಇದರಲ್ಲಿ ತಪ್ಪು ಅವರಿಗೆ ಸಿಗಲಿಲ್ಲ. ಮ್ಯಾಂಗೋಸ್ಟೀನ್ ತಿನ್ನದಿದ್ದರೆ ನಾನೇ ಬೈಯುತ್ತಿದ್ದೆ ಎಂದು ಒಪ್ಪಿಕೊಂಡು, ಓಡು ಎಂದರು. ಒಂಬತ್ತು ದಿನ ಓಡಿಸಿದರು. ಒಂದು ಕೆಜಿ ಇಳಿಯಿತು. ಇನ್ನೊಂದು ಹೊಟ್ಟೆಯ ಸುತ್ತ ಡೇರೆ ಹಾಕಿ ಕೂತೇಬಿಟ್ಟಿತು, ಮೇಷ್ಟ್ರ ಸಿದ್ಧಾಂತದ ಪ್ರಕಾರವೇ. ಈ ನಡುವೆ ಪಿನ್ ಅಜ್ಜಿಯ ಲಾರಿಗಳು ಒಂದಾದ ಮೇಲೊಂದು ಪ್ಯಾಕಿಂಗ್ ಶೆಡ್ಡಿಗೆ ಹೋದವು. ಯಾವುದೂ ತುಂಬಿಕೊಂಡು ವಾಪಸು ಬರಲಿಲ್ಲ.

ಹಬ್ಬದ ದಿನ ಮಧ್ಯಾಹ್ನ ಎರಡು ಗಂಟೆಗೆ ಸ್ಪರ್ಧೆ. ಐವತ್ತು ದಾಟಿದವರಲ್ಲಿ ನಾಲ್ಕೇ ಜನ. ಸಮ್ರಾನ್ ಮೈಗೆ ಎಣ್ಣೆ ಬಳಿದುಕೊಂಡು, ಅಂಗೈಯಗಲದ ಚಡ್ಡಿಯಲ್ಲಿ ವೇದಿಕೆ ಹತ್ತಿದ. ಹತ್ತಿ ನಿಂತು ನೋಡಿದರೆ, ಮುನ್ನೂರು ಕುರ್ಚಿಗಳು ಖಾಲಿ. ಅದೇ ಹೊತ್ತಿಗೆ ಪಕ್ಕದ ವೇದಿಕೆಯಲ್ಲಿ ದುರಿಯನ್ ತಿನ್ನುವ ಸ್ಪರ್ಧೆ ಶುರುವಾಗಿತ್ತು. ಇಡೀ ಹಬ್ಬ ಎದ್ದು ಅಲ್ಲಿಗೆ ಹೋಗಿತ್ತು. ಇಲ್ಲಿ ಉಳಿದದ್ದು ಮೂವರು ತೀರ್ಪುಗಾರರು, ಅವರಲ್ಲಿ ಒಬ್ಬರು ಫೋನ್ ನೋಡುತ್ತಿದ್ದರು. ಮೇಷ್ಟ್ರು, ಲಮ್ಯಾಯ್, ಸಕ್, ಕೊಡೆ ಹಿಡಿದ ಪಿನ್ ಅಜ್ಜಿ, ಮತ್ತು ನೆರಳಿಗೆಂದು ಬಂದು ಮಲಗಿದ್ದ ಒಂದು ನಾಯಿ.

ಸಮ್ರಾನ್ ಎದೆ ಹಿಗ್ಗಿಸಿದ, ತೋಳು ಮಡಚಿದ, ಬೆನ್ನು ತೋರಿಸಿದ. ಪ್ರತಿ ಭಂಗಿಗೂ ಪಿನ್ ಅಜ್ಜಿ ವಿಹಾರದಲ್ಲಿ ಅನ್ನುವ ಹಾಗೆ 'ಸಾಧು, ಸಾಧು' ಎಂದಳು. ಪಕ್ಕದ ರಯಾಂಗ್ ಜಿಲ್ಲೆಯಿಂದ ಬಂದ ಒಬ್ಬ ನಿವೃತ್ತ ಹವಾಲ್ದಾರನಿಗೆ ಮೊದಲ ಬಹುಮಾನ ಬಂತು. ಆ ಮನುಷ್ಯ ಹುಣಿಸೇಮರದಿಂದ ಕೆತ್ತಿದ ಹಾಗಿದ್ದ, ವರ್ಷವಿಡೀ ಕೋಳಿ ಬಿಟ್ಟು ಬೇರೇನೂ ತಿಂದವನಲ್ಲವಂತೆ, ಪದಕ ಹಾಕುವಾಗಲೂ ನಗಲಿಲ್ಲ. ನಗುವುದಕ್ಕೆ ಬೇಕಾದ ಕೊಬ್ಬು ಮುಖದಲ್ಲಿರಲಿಲ್ಲ. ಸಮ್ರಾನನಿಗೆ ಮೂರನೆಯ ಸ್ಥಾನ. ತೋಳಿನಲ್ಲಿ ನೀನೇ ಮೊದಲು, ಹೊಟ್ಟೆಯಲ್ಲಿ ನೀನೇ ಕೊನೆ, ಸರಾಸರಿ ತೆಗೆದೆವು ಎಂದು ತೀರ್ಪುಗಾರರು ವಿವರಿಸಿದರು. ಅವನು ಕಂಚಿನ ಪದಕ ಹಾಕಿಕೊಂಡು ಇಳಿದು ಬಂದು, ಪಿನ್ ಅಜ್ಜಿ ಸುಲಿದುಕೊಟ್ಟ ರಂಬುಟಾನ್ ಬಾಯಿಗೆ ಹಾಕಿಕೊಂಡ.

ಎಲ್ಲರೂ ಲಾರಿಯ ಹಿಂಭಾಗದಲ್ಲಿ ಕೂತು ಊರಿಗೆ ಹೊರಟರು. ಗಾಳಿ ತಂಪಾಗಿತ್ತು. ಮೇಷ್ಟ್ರಿಗೆ ಮಾತ್ರ ಮನಸ್ಸು ತಡೆಯಲಿಲ್ಲ.

"ಆ ಒಂದು ದಿನ ಬಾಯಿ ಕಟ್ಟಿದ್ರೆ ಮೊದಲ ಬಹುಮಾನ ನಿನ್ನದೇ ಕಣೋ. ಎಲ್ಲರೂ ನಿನ್ನನ್ನೇ ನೋಡ್ತಿದ್ರು."

ಸಮ್ರಾನ್ ರಂಬುಟಾನ್ ಬೀಜವನ್ನು ರಸ್ತೆಯಾಚೆಗೆ ಉಗಿದು, ಇನ್ನೊಂದನ್ನು ಸುಲಿಯುತ್ತ ಹೇಳಿದ:

"ಮೊದಲು ಬಂದೋನನ್ನ ನೋಡಿದ್ದು ಎರಡೂವರೆ ತೀರ್ಪುಗಾರರು ಮೇಷ್ಟ್ರೇ. ನಾನು ಒಂದು ಚೂರು ನುಂಗೋದನ್ನ ಹನ್ನೆರಡು ಜನ ಉಸಿರು ಬಿಗಿಹಿಡಿದು ನೋಡಿದ್ರು, ಅದೂ ಮೂವತ್ತೇಳು ಸಲ. ಎಲ್ಲರಿಗಿಂತ ಮುಂದೆ ನಿಂತು ನೋಡಿದೋರು ನೀವೇ."